ಸೆರೆಯಾಳಿನ ಬೆಲೆ ಎಷ್ಟು?



2016ರ ಮಾರ್ಚ್ 4ರಂದು ಯೆಮೆನ್ ದೇಶದ ಏಡನ್ ನಗರದಲ್ಲಿ, ಮದರ್ ತೆರೇಸಾರವರ ಸಭೆಯ ಸಹೋದರಿಯರು ನಡೆಸುತ್ತಿದ್ದ ವೃದ್ಧಾಶ್ರಮಕ್ಕೆ ಬಂದೂಕುಧಾರಿಗಳು ನುಗ್ಗಿದರು. ನಾಲ್ವರು ಕನ್ಯಾಸ್ತ್ರೀಯರೂ ಸೇರಿ 16 ಮಂದಿ ಹತರಾದರು. ಬೆಂಗಳೂರು ಪ್ರಾಂತ್ಯದ ಸಲೇಸಿಯನ್ ಗುರು ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು ಅಪಹರಿಸಲಾಯಿತು. ಹದಿನೆಂಟು ತಿಂಗಳ ಕಾಲ ನಾವು ಬಲಿಪೂಜೆಗಳಲ್ಲಿ ಅವರಿಗಾಗಿ ಪ್ರಾರ್ಥಿಸಿದೆವು. 'ಸರ್ಕಾರ ಹಣ ಕೊಟ್ಟಾದರೂ ಬಿಡಿಸಿಕೊಂಡು ಬರಬಾರದೇ?' ಎಂದು ಅನೇಕರು ಕೇಳಿದ್ದುಂಟು.

ಉತ್ತರ ಸುಲಭವಲ್ಲ. ಇಂದು ಕೊಟ್ಟ ಹಣ ನಾಳೆಯ ಬಂದೂಕಾಗುತ್ತದೆ. 1999ರ ಡಿಸೆಂಬರ್‌ನಲ್ಲಿ, ಕಂದಹಾರಕ್ಕೆ ಒಯ್ಯಲ್ಪಟ್ಟ ವಿಮಾನದ ಪ್ರಯಾಣಿಕರನ್ನು ಉಳಿಸಲು ನಮ್ಮ ದೇಶ ಮೂವರು ಬಂದಿಗಳನ್ನು ಬಿಟ್ಟುಕೊಟ್ಟಿತು. ಅವರಲ್ಲೊಬ್ಬನಾದ ಮಸೂದ್ ಅಜರ್ ಮರುವರ್ಷವೇ ಜೈಶ್-ಎ-ಮೊಹಮ್ಮದ್ ಸಂಘಟನೆಯನ್ನು ಕಟ್ಟಿದನು. ಉಳಿದ ಜೀವಗಳೂ ನಿಜ, ಆಮೇಲೆ ಹೋದ ಜೀವಗಳೂ ನಿಜ.

ಆದರೆ ಧರ್ಮಸಭೆಯ ಸಂಪ್ರದಾಯದಲ್ಲಿ ಸೆರೆಯಾಳುಗಳನ್ನು ಬಿಡಿಸುವುದು ಕರುಣೆಯ ಕಾರ್ಯಗಳಲ್ಲೊಂದು. ನಾಲ್ಕನೆಯ ಶತಮಾನದಲ್ಲಿ ಸಂತ ಅಂಬ್ರೋಸರು ಅದಕ್ಕಾಗಿ ದೇವಾಲಯದ ಪವಿತ್ರ ಪಾತ್ರೆಗಳನ್ನೇ ಕರಗಿಸಿದರು. 1218ರಲ್ಲಿ ಸಂತ ಪೀಟರ್ ನೊಲಾಸ್ಕೊ ಸ್ಥಾಪಿಸಿದ ಸಭೆಯವರು, ಅಗತ್ಯವಾದರೆ ಸೆರೆಯಾಳಿನ ಬದಲಿಗೆ ತಾವೇ ಒತ್ತೆಯಾಗುವೆವೆಂದು ವ್ರತ ತೊಟ್ಟರು.

ಹಾಗಾದರೆ ಹಣ ಕೊಡೆವೆನ್ನುವ ಸರ್ಕಾರ ತಪ್ಪು ಮಾಡುತ್ತದೆಯೇ? ಹಾಗೆನ್ನಲಾಗದು. ಕಾಣದ ನಾಳಿನ ಒತ್ತೆಯಾಳುಗಳೂ ಅದರ ಮಕ್ಕಳೇ. ಆದರೆ ಜನರಿಗಾಗಿ ಒಬ್ಬ ಸತ್ತರೆ ಲೇಸು ಎಂದು ಲೆಕ್ಕ ಹಾಕಿದವನು ಕಾಯಫ ಎಂಬುದನ್ನು ಮರೆಯದಿರೋಣ. ಹಣ ಕೊಡಲಾರೆ ಎಂದವನು ಅಲ್ಲಿಗೆ ಕೈತೊಳೆದುಕೊಳ್ಳುವಂತಿಲ್ಲ. ಉಳಿದೆಲ್ಲ ಬಾಗಿಲುಗಳನ್ನು ತಟ್ಟುವ ಹೊಣೆ ಅವನಿಗೆ ಇಮ್ಮಡಿಯಾಗುತ್ತದೆ. ಯೆಮೆನ್‌ನಲ್ಲಿನ ನಮ್ಮ ರಾಯಭಾರ ಕಚೇರಿ ಯುದ್ಧದಿಂದಾಗಿ 2015ರಲ್ಲೇ ಜಿಬೂತಿಗೆ ಸ್ಥಳಾಂತರಗೊಂಡಿತ್ತು. ಕೊನೆಗೆ ಒಮಾನ್ ದೇಶದ ನೆರವಿನಿಂದ, 2017ರ ಸೆಪ್ಟೆಂಬರ್ 12ರಂದು ಫಾದರ್ ಟಾಮ್ ಬಿಡುಗಡೆಯಾದರು. ತಾನು ಹಣ ನೀಡಿಲ್ಲವೆಂದು ಭಾರತ ಸರ್ಕಾರ ತಿಳಿಸಿತು. ಹೊರಗೆ ಮೌನವೆಂದು ಕಂಡದ್ದೆಲ್ಲ ಉದಾಸೀನವಾಗಿರಲಿಲ್ಲ.

ಸೆರೆಯಲ್ಲಿದ್ದಾಗ, 2016ರ ಡಿಸೆಂಬರ್‌ನಲ್ಲಿ ಹೊರಬಂದ ವಿಡಿಯೋದಲ್ಲಿ, ತಾನು ಯೂರೋಪಿನ ಗುರುವಾಗಿದ್ದರೆ ಹೆಚ್ಚು ಗಮನ ಸಿಗುತ್ತಿತ್ತೆಂದು ಅವರು ನೊಂದು ನುಡಿದಿದ್ದರು. ಅಪಹರಣಕಾರರ ವಶದಲ್ಲಿದ್ದು ಆಡಿದ ಮಾತಾದರೂ ಅದು ನಮ್ಮನ್ನು ಚುಚ್ಚಿತು.

ಅದೇ ಮಾತು ನಮ್ಮೆಡೆಗೂ ತಿರುಗುತ್ತದೆ. 2014ರಲ್ಲಿ ಇರಾಕಿನ ಮೊಸುಲ್‌ನಲ್ಲಿ 39 ಭಾರತೀಯ ಕೂಲಿಕಾರ್ಮಿಕರು ಅಪಹೃತರಾದರು. ಅವರೆಲ್ಲ ಹತರಾದರೆಂದು 2018ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಆ ನಾಲ್ಕು ವರ್ಷ ಬಾಗಿಲು ಕಾದ ಅವರ ತಾಯಂದಿರಿಗಾಗಿ ನಾವೆಷ್ಟು ಸಲ ಮೊಣಕಾಲೂರಿದೆವು? ಫಾದರ್ ಟಾಮ್ ನಮ್ಮವರು, ಸರಿ. ಆದರೆ ಕಳೆದುಹೋದ ಒಂದು ಕುರಿಯನ್ನು ಹುಡುಕಹೊರಟ ಕುರಿಗಾಹಿ, ಅದು ಯಾವ ಜಾತಿಯ ಕುರಿಯೆಂದು ಕೇಳಲಿಲ್ಲ. ಸರ್ಕಾರವನ್ನು ಪ್ರಶ್ನಿಸುವ ಮುನ್ನ ನಮ್ಮ ಪ್ರಾರ್ಥನೆಯ ಬೇಲಿ ಎಲ್ಲಿಯವರೆಗಿದೆ ಎಂದು ನೋಡಿಕೊಳ್ಳೋಣ.