ಆಗಿಹೋದದ್ದು ಎಲ್ಲಿಗೆ ಹೋಯಿತು?



"ಗುಡಗೇರಿ ಸ್ಟೇಷನ್ನಿನಲ್ಲಿ ಸಿಗೋಣ" ಎಂದರೆ ಅರ್ಧ ಮಾತು ಹೇಳಿದಂತಾಯಿತು. ಎಷ್ಟು ಹೊತ್ತಿಗೆ ಎಂದೂ ಹೇಳಬೇಕು. ಹುಬ್ಬಳ್ಳಿಯಿಂದ ಕುಂದಗೋಳ, ಸಂಶಿ ದಾಟಿ ಹಾವೇರಿಯತ್ತ ಹೋಗುವ ಗಾಡಿಗಳು ಈ ಸ್ಟೇಷನ್ನಿನ ಮೇಲೆಯೇ ಹಾಯುತ್ತವೆ. ಇಂಥ ಗಾಡಿಗಳ ಓಡಾಟ ಗೊತ್ತುಮಾಡಲು ರೈಲ್ವೆಯವರು ಒಂದು ನಕ್ಷೆ ಇಟ್ಟುಕೊಳ್ಳುತ್ತಾರೆ. ಹಾಳೆಯ ಒಂದು ಅಂಚಿಗೆ ಊರುಗಳ ಹೆಸರು, ಇನ್ನೊಂದು ಅಂಚಿಗೆ ಗಂಟೆ-ನಿಮಿಷ. ಒಂದೊಂದು ಗಾಡಿಗೆ ಒಂದೊಂದು ಓರೆ ಗೆರೆ. ಗಾಡಿ ನಿಂತಿದ್ದರೂ ಗೆರೆ ನಿಲ್ಲುವುದಿಲ್ಲ, ಗಂಟೆಯ ದಿಕ್ಕಿಗೆ ಸಾಗುತ್ತಲೇ ಇರುತ್ತದೆ. ಎರಡು ಗೆರೆ ಕೂಡಿದ ಕಡೆ ಎರಡು ಗಾಡಿ ಒಂದೇ ಹೊತ್ತಿಗೆ ಒಂದೇ ಊರಲ್ಲಿವೆ ಎಂದು ಅರ್ಥ. ಆ ಹಾಳೆಯ ಮೇಲೆ ಕಾಲವೂ ದೂರದ ಹಾಗೆ ಒಂದು ಅಳತೆ. ನಮ್ಮ ಹಿರಿಯರಿಗೂ ಇದು ಹೊಸತಲ್ಲ. ಒಂದು ಕೂರಿಗೆ ದಿನಕ್ಕೆ ಬಿತ್ತುವಷ್ಟು ನೆಲವನ್ನೇ ಅವರು "ಒಂದು ಕೂರಿಗೆ ಹೊಲ" ಎಂದರು.

ಐನ್‌ಸ್ಟೈನರು 1905ರಲ್ಲಿ ಸಾಪೇಕ್ಷತೆಯ ಸಿದ್ಧಾಂತ ಮಂಡಿಸಿದರು. ಮೂರು ವರ್ಷಗಳ ನಂತರ, 1908ರಲ್ಲಿ, ಗಣಿತಜ್ಞ ಹರ್ಮನ್ ಮಿಂಕೋವ್‌ಸ್ಕಿ ಜರ್ಮನಿಯ ಕೊಲೋನ್ ನಗರದ ಭಾಷಣದಲ್ಲಿ ಉದ್ದ, ಅಗಲ, ಎತ್ತರಗಳ ಜೊತೆಗೆ ಕಾಲವನ್ನೂ ಸೇರಿಸಿ ನಾಲ್ಕು ಆಯಾಮಗಳ ಒಂದೇ ಜಗತ್ತನ್ನು ಚಿತ್ರಿಸಿ ತೋರಿಸಿದರು. (ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿದ ಬೆಲ್ಜಿಯಮ್ಮಿನ ಜಾರ್ಜ್ ಲೆಮೆತ್ರ್ ನಮ್ಮ ಕಥೋಲಿಕ ಗುರುಗಳೇ. ಅವರ ಲೆಕ್ಕವೂ ಈ ನಾಲ್ಕು ಆಯಾಮಗಳಲ್ಲೇ.) ಈ ಸಿದ್ಧಾಂತದ ಪ್ರಕಾರ ಇಡೀ ಜಗತ್ತಿಗೆ ಅನ್ವಯಿಸುವ ಒಂದೇ "ಈಗ" ಎಂಬುದಿಲ್ಲ. ದೂರದ ಎರಡು ಘಟನೆಗಳು ಪ್ಲಾಟ್‌ಫಾರಮ್ಮಿನಲ್ಲಿ ನಿಂತವನಿಗೆ ಏಕಕಾಲದವು. ಓಡುವ ಗಾಡಿಯಲ್ಲಿ ಕುಳಿತವನಿಗೆ ಒಂದು ಮೊದಲು, ಒಂದು ಆಮೇಲೆ. ನಮ್ಮ ಗಾಡಿಗಳ ವೇಗದಲ್ಲಿ ಆ ವ್ಯತ್ಯಾಸ ಗೊತ್ತೇ ಆಗದಷ್ಟು ಸಣ್ಣದು, ಆದರೆ ಇಲ್ಲದೆ ಇಲ್ಲ. ಆದ್ದರಿಂದ ಹಲವು ತತ್ವಜ್ಞಾನಿಗಳು ಹೇಳುವುದೇನೆಂದರೆ, ಹುಬ್ಬಳ್ಳಿ ಕಣ್ಣಿಗೆ ಕಾಣದಿದ್ದರೂ ಇರುವ ಹಾಗೆ, ಹೋದ ವರ್ಷವೂ ತನ್ನ ಜಾಗದಲ್ಲಿ ಇದ್ದೇ ಇದೆ.

ಇದರಿಂದ ನಮ್ಮ ಮನೆತನಕ್ಕೇನು ಎನ್ನುತ್ತೀರಾ? ಬಹಳ ಇದೆ. ಹೊಲ ಪಾಲಾಗುವಾಗ ತಮ್ಮನ ಬದುವನ್ನು ನಾಲ್ಕು ಮಾರು ಒತ್ತಿದ ಅಣ್ಣನನ್ನು ನೆನೆಯಿರಿ. ಇಪ್ಪತ್ತು ವರ್ಷ ಕಳೆದ ಮೇಲೆ ಅವನು "ಆಗಿದ್ದು ಆಗಿ ಹೋತು, ಈಗ್ಯಾಕ ಅದು?" ಎನ್ನುತ್ತಾನೆ. ಹುಬ್ಬಳ್ಳಿಯಲ್ಲಿ ಕದ್ದವನು ಗುಡಗೇರಿಗೆ ಬಂದು ಕುಳಿತರೆ ಕಳವು ಕಡಿಮೆಯಾದೀತೇ? ಮೈಲಿ ತೊಳೆಯದ ತಪ್ಪನ್ನು ವರ್ಷ ಹೇಗೆ ತೊಳೆದೀತು?

ಆದರೂ ಕಾಲವೂ ದೂರವೂ ಪೂರ್ತಿ ಒಂದೇ ಅಲ್ಲ ಎಂಬುದನ್ನು ಮರೆಯಬಾರದು. ಮಿಂಕೋವ್‌ಸ್ಕಿಯವರ ಲೆಕ್ಕದಲ್ಲೇ ಕಾಲಕ್ಕೆ ಉಳಿದ ಮೂರಕ್ಕೆ ವಿರುದ್ಧವಾದ ಚಿಹ್ನೆ ಬರುತ್ತದೆ. ಹುಬ್ಬಳ್ಳಿಗೆ ಹೋದವನು ಮರಳಿ ಬರಬಹುದು. ನಿನ್ನೆಗೆ ಟಿಕೆಟ್ ಇಲ್ಲ. ಬದು ಒತ್ತಿದ ಆ ದಿನಕ್ಕೆ ಹೋಗಿ ಸರಿಮಾಡಲು ಬಾರದು. ಸರಿಮಾಡುವುದಾದರೆ ಮುಂದೆಯೇ.

ಹಾಗಾದರೆ ನಾಳೆಯೂ ಮೊದಲೇ ಗೆರೆ ಎಳೆದಿಟ್ಟದ್ದೇ, ನಮ್ಮ ಕೈಯಲ್ಲಿ ಏನೂ ಇಲ್ಲವೇ ಎಂದು ನೀವು ಕೇಳಬಹುದು. ಸಂತ ಥಾಮಸ್ ಅಕ್ವಿನಾಸರು ಏಳು ಶತಮಾನಗಳ ಹಿಂದೆಯೇ ಇದಕ್ಕೊಂದು ಹೋಲಿಕೆ ಕೊಟ್ಟಿದ್ದಾರೆ. ದಾರಿಯಲ್ಲಿ ನಡೆಯುವವನಿಗೆ ತನ್ನ ಹಿಂದೆ ಬರುವವರು ಕಾಣರು. ಗುಡ್ಡದ ಮೇಲಿರುವವನಿಗೆ ಇಡೀ ದಾರಿ ಒಟ್ಟಿಗೆ ಕಾಣುತ್ತದೆ. ದೇವರ ನೋಟ ಅಂಥದ್ದು. ಆದರೆ ಗುಡ್ಡದ ಮೇಲಿನಿಂದ ನೋಡುವವನು ಯಾರ ಕಾಲನ್ನೂ ಎಳೆಯುವುದಿಲ್ಲ, ನಡೆಯುವವರು ತಾವೇ ನಡೆಯುತ್ತಾರೆ. ನನಗೆ ಈ ಉತ್ತರ ವಿಜ್ಞಾನಿಗಳ ಚಿತ್ರಕ್ಕೂ ಒಪ್ಪುತ್ತದೆ ಎನಿಸುತ್ತದೆ.

ಇನ್ನು ನಮ್ಮ ಕಾನೂನು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷ, ಜಮೀನಿನ ಸ್ವಾಧೀನ ಕೇಳಲು 12 ವರ್ಷ. ಸಾಕ್ಷಿಗಳು ಸಾಯುತ್ತಾರೆ, ಕಾಗದ ಹರಿಯುತ್ತದೆ. ಕೋರ್ಟಿಗೆ ಒಂದು ಗಡುವು ಬೇಕೇ ಬೇಕು. ಆದರೆ ಮನಸ್ಸಾಕ್ಷಿ ಕೋರ್ಟಲ್ಲ. ಲೂಕನ ಶುಭಸಂದೇಶದ ಜಕ್ಕಾಯನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡಲು ಒಪ್ಪಿದಾಗ, ಅದು ಯಾವ ವರ್ಷದ ಮೋಸ ಎಂದು ಲೆಕ್ಕ ತೆಗೆಯಲಿಲ್ಲ. ಕಾನೂನು ಸಹ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಗಡುವು ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರ ಬರೆದು ಸಹಿ ಹಾಕಿದರೆ, 1872ರ ಕರಾರು ಕಾಯ್ದೆ ಆ ಮಾತನ್ನು ಊರ್ಜಿತವೆಂದು ಒಪ್ಪುತ್ತದೆ. ಕೊಟ್ಟವನು ತೀರಿಹೋಗಿದ್ದರೆ ಅವನ ಮಕ್ಕಳಿರುತ್ತಾರೆ, ಬಹುಶಃ ಅದೇ ಓಣಿಯಲ್ಲಿ.