ಹೊಳೆಯ ಕೆಳಗಿನ ಊರು

ನೋಡಲೇಬೇಕಾದ ಸುಂದರ ನದಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಬಾಸೆಲ್ ನಗರದ ರೈನ್ ಎನ್ನುತ್ತೇನೆ. ಎರಡು ವರ್ಷದ ಹಿಂದೆ ಪ್ರಾಜೆಕ್ಟ್ ಕೆಲಸಕ್ಕೆಂದು ಜುಲೈ ತಿಂಗಳಲ್ಲಿ ಅಲ್ಲಿದ್ದೆ. ಸಂಜೆ ಆಫೀಸು ಬಿಟ್ಟವರು ಬಟ್ಟೆ, ಮೊಬೈಲು, ಚಪ್ಪಲಿಗಳನ್ನೆಲ್ಲ ನೀರು ಹೊಗದ ಮೀನಿನಾಕಾರದ ಚೀಲಕ್ಕೆ ತುಂಬಿ, ಅದನ್ನೇ ತಬ್ಬಿಕೊಂಡು ನದಿಗೆ ಇಳಿಯುತ್ತಾರೆ. ಕೈಕಾಲು ಹೆಚ್ಚು ಆಡಿಸಬೇಕಿಲ್ಲ, ಹರಿವೇ ಸೇತುವೆಯಿಂದ ಸೇತುವೆಗೆ ಒಯ್ಯುತ್ತದೆ. ನಾನೂ ಇಳಿದೆ. ತಣ್ಣನೆಯ ಹಸಿರು ನೀರು, ಎಡಕ್ಕೆ ಎತ್ತರದಲ್ಲಿ ಕೆಂಪು ಕಲ್ಲಿನ ಹಳೆಯ ಚರ್ಚು.

‘ಪುಣ್ಯವಂತರು, ದೇವರು ಎಂಥ ನದಿ ಕೊಟ್ಟಿದ್ದಾನೆ’ ಎಂದೆ. ಜೊತೆಗಿದ್ದ ಅಲ್ಲಿನ ಸಹೋದ್ಯೋಗಿ ನಕ್ಕರು. ‘ನಾನು ಶಾಲೆಯಲ್ಲಿದ್ದಾಗ ಇದು ಕೆಂಪಗೆ ಹರಿದಿತ್ತು’ ಎಂದರು.

1986ರ ನವೆಂಬರ್ 1ರಂದು ಬಾಸೆಲ್ ಪಕ್ಕದಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಅದನ್ನು ಆರಿಸಲು ಸುರಿದ ನೀರು ಕೀಟನಾಶಕಗಳನ್ನೂ ಒಂದು ಕೆಂಪು ಬಣ್ಣವನ್ನೂ ಹೊತ್ತುಕೊಂಡು ನದಿ ಸೇರಿತು. ಹಾವುಮೀನುಗಳು ರಾಶಿ ರಾಶಿ ಸತ್ತವು. ನೂರಾರು ಕಿಲೋಮೀಟರ್ ಕೆಳಗೆ, ನೆದರ್ಲೆಂಡ್ಸ್‌ನವರೆಗೂ, ಕುಡಿಯಲು ನದಿಯ ನೀರೆತ್ತುವುದನ್ನು ನಿಲ್ಲಿಸಬೇಕಾಯಿತು. ನದಿಯನ್ನು ಶುದ್ಧ ಮಾಡುವ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ಆದರೆ ಅದಕ್ಕೆ ತುರ್ತು ಬಂದದ್ದು ಆ ಕೆಂಪಿನಿಂದ. ಮರುವರ್ಷ ದಡದ ದೇಶಗಳು ಸೇರಿ ಒಂದು ಗುರಿ ಇಟ್ಟುಕೊಂಡವು: 2000ನೇ ಇಸವಿಯೊಳಗೆ ಸಾಲ್ಮನ್ ಮೀನು ರೈನ್‌ಗೆ ಮರಳಬೇಕು. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಈ ಗುರಿಯನ್ನು ಮೆಚ್ಚುತ್ತೇನೆ. ಸ್ಟೇಟಸ್ ರಿಪೋರ್ಟಿನಲ್ಲಿ ಎಲ್ಲವನ್ನೂ ಹಸಿರು ತೋರಿಸಬಹುದು, ಮೀನನ್ನು ಮೋಸ ಮಾಡಲಾಗದು. ಸಾಲ್ಮನ್ ಮರಳಿತು. ಆದರೆ ಬಾಸೆಲ್‌ವರೆಗಿನ ದಾರಿಗೆ ಅಣೆಕಟ್ಟುಗಳ ಅಡ್ಡಿ ಇನ್ನೂ ಪೂರ್ತಿ ತೀರಿಲ್ಲ.

ಅಂದರೆ ನಾನು ತೇಲಿದ ಆ ಚೆಲುವನ್ನು ದೇವರು ಮಾತ್ರ ಕೊಟ್ಟಿರಲಿಲ್ಲ. ಕೆಳಗಿನ ಊರಿನವರಿಗೆ ಮೇಲಿನ ಊರಿನವರು ಉತ್ತರ ಹೇಳಬೇಕಾಗಿ ಬಂದದ್ದರ ಫಲವೂ ಅದಾಗಿತ್ತು.

ಪುಣೆಗೆ ಮರಳಿದ ಮೇಲೆ ಈ ಮಾತು ನನ್ನನ್ನು ಬಿಡಲಿಲ್ಲ. ದಿನಾ ಮುಠಾ ನದಿಯ ಸೇತುವೆ ದಾಟುವಾಗ ಕಾರಿನ ಗಾಜು ಏರಿಸುತ್ತೇನೆ. ನಮ್ಮ ಸೊಸೈಟಿಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕವಿದೆ. ಕರೆಂಟ್ ಬಿಲ್ಲು ಹೆಚ್ಚಾಯಿತೆಂದು ರಾತ್ರಿ ಅದನ್ನು ನಿಲ್ಲಿಸುವ ಪ್ರಸ್ತಾಪ ಮೀಟಿಂಗಿನಲ್ಲಿ ಬಂದಾಗ ಎಲ್ಲರ ಜೊತೆ ನಾನೂ ಕೈ ಎತ್ತಿದ್ದೆ. ಬಾಸೆಲ್‌ಗೆ ಹೋಗುವ ಮೂರು ತಿಂಗಳ ಮುಂಚಿನ ಮಾತದು.

ಮುಠಾ ಮುಳಾವನ್ನು ಸೇರುತ್ತದೆ, ಮುಳಾ-ಮುಠಾ ಭೀಮೆಯನ್ನು. ಭೀಮೆ ಉಜನಿ ಜಲಾಶಯ, ಪಂಢರಪುರ ದಾಟಿ ನಮ್ಮ ಕಲಬುರಗಿ ಜಿಲ್ಲೆಗೆ ಬರುತ್ತದೆ. ಗಾಣಗಾಪುರದ ಸಂಗಮದಲ್ಲಿ ಅವ್ವ ಹುಣ್ಣಿವೆಗೊಮ್ಮೆ ಮುಳುಗು ಹಾಕುತ್ತಾಳೆ. ಹೋದ ಬೇಸಿಗೆಯಲ್ಲಿ ಫೋನಿನಲ್ಲಿ ಹೇಳಿದಳು: ‘ನೀರು ಹಸಿರಾಗ್ಯಾವಪಾ, ವಾಸನಿ ಬರ್ತದ. ಆದ್ರೂ ನಿನ್ನ ಹೆಸರಿಲೆ ಒಂದು ಮುಳುಗು ಹಾಕೀನಿ.’

ಆ ಹಸಿರಿನಲ್ಲಿ ನಮ್ಮ ಸೊಸೈಟಿಯ ಪಾಲೆಷ್ಟು? ನಡುವೆ ಅಷ್ಟು ದೊಡ್ಡ ಜಲಾಶಯವಿದೆ, ಕಬ್ಬಿನ ಗದ್ದೆಗಳಿವೆ, ಎಷ್ಟೋ ಊರುಗಳ ಚರಂಡಿಗಳಿವೆ. ನಮ್ಮದು ಒಂದು ಹನಿಯೂ ಇರಲಿಕ್ಕಿಲ್ಲ. ಆವತ್ತು ಕೈ ಎತ್ತುವಾಗ ನನ್ನನ್ನು ನಿರಾಳವಾಗಿಟ್ಟದ್ದೂ ಇದೇ ಲೆಕ್ಕ. ಸ್ಯಾಂಡೋಜ್‌ನ ತಪ್ಪಿಗೆ ಬಣ್ಣವಿತ್ತು, ತಾರೀಖಿತ್ತು, ವಿಳಾಸವಿತ್ತು. ನಮ್ಮ ತಪ್ಪಿಗೆ ಇದಾವುದೂ ಇಲ್ಲ. ಹಂಚಿಕೊಂಡರೆ ತಪ್ಪು ಕಡಿಮೆಯಾಗುತ್ತದೆಯೆ? ಹಂಚಿದಾಗ ಕಡಿಮೆಯಾಗುವುದು ನಾಚಿಕೆ ಮಾತ್ರ ಎಂದು ಈಗ ಅನ್ನಿಸುತ್ತದೆ. ನೀರು ಕೆಳಗಿನ ಊರಿಗೆ ಇಡಿಯಾಗಿಯೇ ತಲುಪುತ್ತದೆ.

ಕೆಳಗಿನ ಊರಿನಲ್ಲಿ ಅವ್ವ ಇರುವುದರಿಂದ ನನಗಿದು ಚುಚ್ಚಿತು. ಅವಳಿಲ್ಲದಿದ್ದರೆ ಚುಚ್ಚುತ್ತಿತ್ತೆ? ಈ ಪ್ರಶ್ನೆಗೆ ನನ್ನ ಉತ್ತರ ನನಗೇ ಹಿಡಿಸುವುದಿಲ್ಲ. ಯಾರದೋ ಅವ್ವ ಎಲ್ಲ ಹೊಳೆಗಳ ಕೆಳಗೂ ಇದ್ದೇ ಇರುತ್ತಾಳೆ.

ಸುಂದರ ನದಿಗಳನ್ನು ನೋಡಲು ಅಗತ್ಯವಾಗಿ ಹೋಗಿ. ಆದರೆ ದಡದಲ್ಲಿ ಫೋಟೋ ತೆಗೆದುಕೊಂಡ ಮೇಲೆ, ಇದನ್ನು ಹೀಗೆ ಇಟ್ಟವರು ಯಾರು, ಯಾರಿಗಾಗಿ ಎಂದೊಮ್ಮೆ ಕೇಳಿ.

ಮುಂದಿನ ಭಾನುವಾರ ಸೊಸೈಟಿ ಮೀಟಿಂಗ್ ಇದೆ. ಆ ಘಟಕದ ವಿಷಯವನ್ನು ಅಜೆಂಡಾಕ್ಕೆ ಸೇರಿಸಲು ಹೇಳಿದ್ದೇನೆ. ಮೇಂಟೆನೆನ್ಸ್ ಹೆಚ್ಚುತ್ತದೆ, ಜಗಳವೂ ಆಗುತ್ತದೆ. ಈ ಸಲ ಕೈ ಎತ್ತುವವನು ನಾನೊಬ್ಬನೇ ಆಗಿರಬಹುದು.