ಮೂರಡಿಯ ಬಾಗಿಲು

ನಮ್ಮ ಮನೆಯ ಹಂಚು ಸೋರಿದರೆ ತಾರಸಿ ಹಾಕಿಸುತ್ತೇವೆ. ಸೌದೆ ಒಲೆಯ ಹೊಗೆ ಸಾಕಾಯಿತೆಂದು ಗ್ಯಾಸ್ ತರಿಸುತ್ತೇವೆ. ಅಜ್ಜಿಯ ಒರಳುಕಲ್ಲು ಹಿತ್ತಿಲು ಸೇರಿ ಯಾವ ಕಾಲವಾಯಿತೋ! ಇಷ್ಟೆಲ್ಲ ಮಾಡಿದರೂ ಪರಂಪರೆಯನ್ನು ಹಾಳುಮಾಡಿದೆವೆಂದು ನಮಗೆ ಅನ್ನಿಸುವುದಿಲ್ಲ. ಯಾರಾದರೂ ಹಾಗೆಂದರೆ, ‘ನೀವು ಬಂದು ಒಂದು ವಾರ ರುಬ್ಬಿ ನೋಡಿ’ ಎಂದು ಬಾಯಿ ಮುಚ್ಚಿಸುತ್ತೇವೆ. ಆದರೆ ಬೇರೆಯವರ ಊರನ್ನು ನೋಡಲು ಹೊರಟೆವೋ, ನಮ್ಮೊಳಗೆ ಎಲ್ಲಿಂದಲೋ ಒಬ್ಬ ಕಾವಲುಗಾರ ಎದ್ದು ನಿಲ್ಲುತ್ತಾನೆ. ಆ ಊರಿನವರು ಮಾತ್ರ ಇದ್ದ ಹಾಗೆಯೇ ಇರಬೇಕು!

ಈ ಕಾವಲುಗಾರನನ್ನು ನಾನು ಚೆನ್ನಾಗಿ ನೋಡಿದ್ದು ನೀಲಗಿರಿಯಲ್ಲಿ, ತೋಡರ ಒಂದು ಮಂಡ್‌ನಲ್ಲಿ. ಮಂಡ್ ಎಂದರೆ ಅವರ ಪುಟ್ಟ ಊರು. ಬೆಟ್ಟದ ಇಳಿಜಾರಿನಲ್ಲಿ ಕೆಲವೇ ಮನೆಗಳು, ಸುತ್ತ ಹುಲ್ಲು, ಮೇಯುವ ಎಮ್ಮೆಗಳು. ಊಟಕಮಂಡ್ ಎಂಬ ಊಟಿಯ ಹಳೆಯ ಹೆಸರಿನ ಕೊನೆಗಿರುವುದೂ ಇದೇ ಮಂಡ್. ತೋಡರ ಹಳೆಯ ಮನೆಯ ಚಿತ್ರವನ್ನು ನೀವೂ ನೋಡಿರುತ್ತೀರಿ. ಕಮಾನುಗಾಡಿಯ ಕಮಾನನ್ನು ಕಳಚಿ ನೆಲದ ಮೇಲೆ ಇಟ್ಟ ಹಾಗೆ ಕಾಣುತ್ತದೆ. ಬಿದಿರು ಬಗ್ಗಿಸಿ, ಬೆತ್ತದಿಂದ ಬಿಗಿದು, ಮೇಲೆ ಹುಲ್ಲು ಹೊದಿಸಿದ ಮನೆ. ಸುಮಾರು 10 ಅಡಿ ಎತ್ತರ, 18 ಅಡಿ ಉದ್ದ. ಬಾಗಿಲು ಮಾತ್ರ 3 ಅಡಿ. ಮಂಡಿಯೂರಿ ತೆವಳಿಯೇ ಒಳಗೆ ಹೋಗಬೇಕು. ಚಳಿ ತಡೆಯಲು, ಕಾಡುಪ್ರಾಣಿ ನುಗ್ಗದಿರಲು ಅದು ಒಳ್ಳೆಯ ಉಪಾಯವೇ.

ನಾವು ಹೋದ ಕಡೆ ಅಂಥ ಒಂದೆರಡು ಇದ್ದವು. ಉಳಿದವೆಲ್ಲ ಬಣ್ಣ ಬಳಿದ ಸಿಮೆಂಟಿನ ಮನೆಗಳು. ನಮ್ಮ ಗುಂಪಿನ ಒಬ್ಬರು ಕ್ಯಾಮೆರಾ ಕೆಳಗಿಳಿಸಿ, “ಅಯ್ಯೋ, ಇವರೂ ಕೆಟ್ಟುಹೋದರಲ್ಲ!” ಎಂದರು. ಜಗಲಿಯ ಮೇಲೆ ಕಸೂತಿ ಹಾಕುತ್ತಾ ಕೂತಿದ್ದ ಹೆಂಗಸಿಗೆ ಮಾತು ಅರ್ಥವಾಯಿತೋ, ದನಿ ಅರ್ಥವಾಯಿತೋ. ಆಕೆಗೆ ಬಡಗ ಭಾಷೆ ಬರುತ್ತಿತ್ತು. ಬಡಗ ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ನಿಧಾನವಾಗಿ ಆಡಿದರೆ ಮುಕ್ಕಾಲು ಪಾಲು ತಿಳಿಯುತ್ತದೆ. ಹಳೆಯ ಮನೆಯಲ್ಲಿ ಇದ್ದಿರಾ ಎಂದು ಕೇಳಿದೆ. ಮದುವೆಯಾದ ಹೊಸತರಲ್ಲಿ ಇದ್ದೆ ಎಂದರು. ಬಸುರಿಯಾಗಿ ಆ ಬಾಗಿಲಲ್ಲಿ ನುಸುಳಿದ್ದು, ಮಳೆಗಾಲದ ಹೊಗೆ, ಎಲ್ಲ ಹೇಳಿ, “ನಿಮ್ಮ ಮನೆ ಬಾಗಿಲು ಎಷ್ಟು ಎತ್ತರ ಅಮ್ಮ?” ಎಂದು ಕೇಳಿದರು. ಕೇಳಿದ ರೀತಿಯಲ್ಲಿ ಕೊಂಕು ಇರಲಿಲ್ಲ.

ಆಕೆಯ ಸೊಂಟನೋವಿನ ಬೆಲೆಯಲ್ಲಿ ನಮಗೊಂದು ಚಂದದ ಚಿತ್ರ ಬೇಕೆನ್ನುವುದು ನ್ಯಾಯವಲ್ಲ, ಇಷ್ಟು ಸರಿ. ಆದರೆ ‘ಅವರಿಗೆ ಬೇಕಾಯಿತು, ಬದಲಾದರು, ಮುಗಿಯಿತು’ ಎಂದು ಕೈತೊಳೆದುಕೊಳ್ಳುವುದಕ್ಕೂ ನನಗೆ ಮನಸ್ಸು ಬರಲಿಲ್ಲ. ಹೊದಿಸುವ ಹುಲ್ಲು ಈಗೆಲ್ಲಿದೆ? ಯೂಕಲಿಪ್ಟಸ್ ಮರಕ್ಕೆ ನಾವು ಕನ್ನಡದಲ್ಲಿ ನೀಲಗಿರಿ ಎಂದೇ ಹೆಸರಿಟ್ಟಿದ್ದೇವೆ, ಆ ಬೆಟ್ಟದ ಸ್ವಂತ ಮಗಳೇನೋ ಎಂಬಂತೆ! ಅದು ಆಸ್ಟ್ರೇಲಿಯಾದಿಂದ ಬಂದದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ತಂದು ನೆಟ್ಟದ್ದು. ಅದರ ಜೊತೆ ವ್ಯಾಟಲ್ ಮರ, ಚಹಾ ತೋಟ. ಸ್ವಾತಂತ್ರ್ಯ ಬಂದ ಮೇಲೂ ನೆಡುವುದು ನಿಲ್ಲಲಿಲ್ಲ. ಎಮ್ಮೆ ಮೇಯುತ್ತಿದ್ದ ಹುಲ್ಲುಗಾವಲು ಹೀಗೆ ಕರಗಿತು. ಹುಲ್ಲು, ಬೆತ್ತ ಎರಡೂ ದುರ್ಲಭವಾದವು. ಒಂದು ಹೆಂಗಸು ತಾನಾಗಿ ಬಿಟ್ಟ ಮನೆ, ಮತ್ತು ಕಟ್ಟಲು ಸಾಮಗ್ರಿಯೇ ಇಲ್ಲದಂತೆ ಮಾಡಿ ಬಿಡಿಸಿದ ಮನೆ, ರಸ್ತೆಯಲ್ಲಿ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಇನ್ನೊಂದು ಮಾತು. ಆ ಹಳೆಯ ಆಕಾರ ಇನ್ನೂ ನಿಷ್ಠೆಯಿಂದ ಉಳಿದಿರುವುದು ಅವರ ಹಾಲಿನ ಗುಡಿಗಳಲ್ಲಿ. ಅಲ್ಲಿಗೆ ಹೆಂಗಸರು ಕಾಲಿಡುವಂತಿಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನೀವೇ ಯೋಚಿಸಿ.

ಹೆಂಗಸರ ಕೈಯಲ್ಲಿ ಉಳಿದದ್ದು ಕಸೂತಿ. ಒರಟು ಬಿಳಿ ಹತ್ತಿಬಟ್ಟೆ, ಅದರ ಮೇಲೆ ಕೆಂಪು, ಕಪ್ಪು ದಾರ. ಚಿತ್ರ ಬರೆದುಕೊಳ್ಳುವುದಿಲ್ಲ, ಚೌಕಟ್ಟು ಹಾಕುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತಲೇ ಸೂಜಿ ಹೋಗುತ್ತದೆ. ಧಾರವಾಡದ ಕಡೆಯ ನಮ್ಮ ಕಸೂತಿ ಬಲ್ಲವರಿಗೆ ಇದು ಹೊಸದಲ್ಲ. ಗವಂತಿ ಹಾಕುವಾಗ ಎಳೆ ತಪ್ಪಿದರೆ ಇಡೀ ಗೋಪುರ ವಾಲುವುದನ್ನು ಕಂಡವರೇ ನಾವು. ನಾವು ಎರಡೂ ಬದಿ ಒಂದೇ ಥರ ಬರಲೆಂದು ಹೆಣಗಿದರೆ, ತೋಡರು ದಾರ ಉಬ್ಬಿ ಒರಟಾಗಿ ಕಾಣುವ ಹಿಂಬದಿಯನ್ನೇ ಮೇಲೆ ಮಾಡಿ ಹೊದೆಯುತ್ತಾರೆ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಈಗ ಚೀಲ, ಮೇಜುಬಟ್ಟೆ, ಮೊಬೈಲ್ ಇಡುವ ಸಂಚಿಯ ಮೇಲೂ ಅದೇ ಕೆಂಪು ಕಪ್ಪು. ಇದನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ. ಮನೆ ಬದಲಾದರೂ ಎಣಿಕೆ ಬೆರಳಲ್ಲೇ ಇದೆ. ಅದು ಯಾವುದರ ಮೇಲೆ ಕೂರಬೇಕೆಂದು ತೀರ್ಮಾನಿಸುವ ಹಕ್ಕು ಎಣಿಸುವವರದು ಎಂದು ನನಗನ್ನಿಸುತ್ತದೆ.

‘ಕೆಟ್ಟುಹೋದರಲ್ಲ’ ಎಂದವರೇ ಒಂದು ಶಾಲು ಎತ್ತಿಕೊಂಡು ಅರ್ಧ ಬೆಲೆಗೆ ಕೇಳಿದರು. ಮೆಷಿನ್ ಶಾಲು ಪೇಟೆಯಲ್ಲಿ ಇನ್ನೂ ಅಗ್ಗವಂತೆ. ವಾರಗಟ್ಟಲೆ ಕೂತು ಹಾಕಿದ ಕೆಲಸ ಅದು. ಪರಂಪರೆ ಉಳಿಯಬೇಕು, ಆದರೆ ಅದರ ಖರ್ಚು ಮಾತ್ರ ಅವರದೇ! ಬಿಡುವಿನ ವೇಳೆಯಲ್ಲಿ ಮಾಡಿದ್ದು ತಾನೇ ಎಂಬ ಮಾತನ್ನು ಹೆಂಗಸರ ಕೈಕೆಲಸದ ಬಗ್ಗೆ ಹೆಂಗಸರೇ ಎಷ್ಟು ಸಲೀಸಾಗಿ ಆಡುತ್ತೇವೆ. ಆ ಬಿಡುವನ್ನು ಯಾರು ಕೊಟ್ಟರು, ಯಾವ ಕೆಲಸದ ನಡುವಿನಿಂದ ಕದ್ದು ತೆಗೆದದ್ದು ಎಂದು ನಮಗೆ ಗೊತ್ತಿಲ್ಲವೇ? ಆಕೆ ಬೆಲೆ ಇಳಿಸಲಿಲ್ಲ. ಜಗಳವನ್ನೂ ಆಡಲಿಲ್ಲ. ಶಾಲನ್ನು ಮಡಿಸಿ ಇಟ್ಟರು.

ಆಕೆಯ ಮಡಿಲಲ್ಲಿದ್ದದ್ದು ಪುತುಕುಳಿ, ಅವರು ಮೈತುಂಬ ಹೊದೆಯುವ ಬಟ್ಟೆ. ಸತ್ತವರನ್ನು ಕಳಿಸಿಕೊಡುವಾಗಲೂ ಅದರಲ್ಲೇ ಸುತ್ತುತ್ತಾರೆ. ಇದಕ್ಕೆಷ್ಟು ಎಂದು ಮತ್ತೊಬ್ಬರು ಕೇಳಿದರು.

“ಇದು ಮಾರೋದಕ್ಕಲ್ಲ, ಮನೆಗೆ” ಎಂದು ಆಕೆ ಬಿಟ್ಟಲ್ಲಿಂದ ಎಳೆ ಎಣಿಸತೊಡಗಿದರು.